ಹಿಟ್ಟು ಮುಟ್ಟಬಾರದ ಕೈ

ನನ್ನ ಸೋದರತ್ತೆಯನ್ನು ಬೀದಿಯವರೆಲ್ಲ ಬುಗುರಿ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಎದುರಿಗೆ ಕರೆಯುವ ಎಂಟೆದೆ ಯಾರಿಗಿತ್ತು! ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಹೆಂಗಸು. ಊಟಕ್ಕೆ ಕೂತರೂ ನಡುವೆ ಎದ್ದು ಹೋಗಿ ಓವನ್ನಿನ ಬಾಗಿಲು ತೆಗೆದು ನೋಡಿ ಬರುತ್ತಿದ್ದರು. ತಾತ ಬಿಟ್ಟುಹೋದ ಬೇಕರಿಯನ್ನು ಒಬ್ಬರೇ ನಿಂತು ನಡೆಸಿದರು, ಮದುವೆಯಾಗಲಿಲ್ಲ. "ನನ್ನ ಹಿಂದೆ ಓಡೋಕೆ ಯಾವ ಗಂಡಸಿಗೆ ಆಗುತ್ತೆ ಹೇಳು?" ಎಂದು ತಾವೇ ನಗುತ್ತಿದ್ದರು. ಗಲ್ಲಾದಲ್ಲಿ ಕೂರುವುದು ನನ್ನ ಕೆಲಸ. ಹಿಟ್ಟಿನ ಹತ್ತಿರ ನನ್ನನ್ನು ಬಿಡುತ್ತಿರಲಿಲ್ಲ. ಅದೂ ಸರಿಯೇ, ನಾನು ಮಾಡಿದ ಬ್ರೆಡ್ಡಿನಲ್ಲಿ ಗೋಡೆ ಕಟ್ಟಬಹುದಿತ್ತು.

ದೇವರೆಂದರೆ ಅತ್ತೆಗೆ ಪ್ರಾಣ. ಹಿಟ್ಟು ನಾದಲು ನಮ್ಮ ಅಂಗಡಿಯಲ್ಲಿ ಗಡಿಯಾರ ನೋಡುವ ಪದ್ಧತಿ ಇರಲಿಲ್ಲ, ಕರ್ತನ ಪ್ರಾರ್ಥನೆಯೇ ಅಳತೆ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಶುರು ಮಾಡಿ "ಆಮೆನ್" ಅನ್ನುವವರೆಗೆ ನಾದಬೇಕು, ಹಿಟ್ಟು ಮಗುಚಬೇಕು, ಮತ್ತೆ ಮೊದಲಿನಿಂದ. ತಾತ ಹಾಗೆ ಕಲಿಸಿದ್ದರು. ತಾತ ನಿಧಾನಸ್ಥರು. ಅತ್ತೆಯೋ, ರೈಲು ತಪ್ಪಿಹೋಗುತ್ತದೆ ಅನ್ನುವಂತೆ ಪ್ರಾರ್ಥನೆ ಓಡಿಸುತ್ತಿದ್ದರು. ದೇವರಿಗೂ ಏದುಸಿರು ಬಂದಿರಬೇಕು. ಅದಕ್ಕೇ ನಮ್ಮ ಬ್ರೆಡ್ಡು ಯಾವಾಗಲೂ ಸ್ವಲ್ಪ ಗಟ್ಟಿ. ಚರ್ಚಿನಲ್ಲಿ ಪ್ರಭುವಿನ ಕೊನೆಯ ಊಟ ನೆನೆದು ಎಲ್ಲರೂ ಹಂಚಿ ತಿನ್ನುವ ಕರ್ತನ ಭೋಜನಕ್ಕೆ ರೊಟ್ಟಿ, ಅಂದರೆ ಬ್ರೆಡ್ಡು, ಹೋಗುತ್ತಿದ್ದದ್ದು ತಾತನ ಕಾಲದಿಂದಲೂ ನಮ್ಮ ಅಂಗಡಿಯದೇ, ಹಾಗಾಗಿ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಇಂಥ ಭಕ್ತೆ, ಸಮುದ್ರ ದಾಟಿ ಬಂದ ಕಪ್ಪು ಜನರನ್ನು ಕಂಡರೆ ಮೂಗು ಮುರಿಯುತ್ತಿದ್ದರು. ನಮ್ಮ ಬೀದಿಯೇ ಹಾಗೆ. ಅವರಿಗೆ ಮನೆ ಬಾಡಿಗೆಗೆ ಕೊಡುವುದಿಲ್ಲ, ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಹೋಗುತ್ತಾರೆ. ಅವರಲ್ಲೊಬ್ಬಳು ಕೆಲಸ ಕೇಳಿಕೊಂಡು ಅಂಗಡಿಗೆ ಬಂದಾಗ ಅತ್ತೆ ಸೇರಿಸಿಕೊಂಡದ್ದು ದಯೆಯಿಂದಲ್ಲ. ಮೂಟೆ ಹೊರುವವನು ಹೇಳದೆ ಕೇಳದೆ ಬಿಟ್ಟುಹೋಗಿದ್ದ, ಅಷ್ಟೆ. ಅವಳಿಗೆ ಬೀದಿಯವರು ಇಟ್ಟ ಹೆಸರು ಮಸಿ. ಅದನ್ನು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು ಮಾತ್ರ ಕೇಳಿಸದವಳಂತೆ ಮೂಟೆ ಹೊತ್ತು ನಡೆದುಬಿಡುತ್ತಿದ್ದಳು.

"ಮೂಟೆ ಹೊರು, ಅಚ್ಚು ತೊಳಿ, ಗುಡಿಸು. ಹಿಟ್ಟು ಮಾತ್ರ ಮುಟ್ಬೇಡ," ಎಂದು ಅತ್ತೆ ಮೊದಲ ದಿನವೇ ಹೇಳಿದರು.

"ಯಾಕಮ್ಮಾ?"

"ಗಿರಾಕಿಗಳು ನೋಡಿದ್ರೆ ತಿನ್ನಲ್ಲ."

"ಗಿರಾಕಿಗಳ ಮೇಲೆ ಯಾಕೆ ಹಾಕ್ತೀರ ಅತ್ತೆ? ನಿಮಗೇ ಅಸಹ್ಯ ಅಂತ ಹೇಳಿ," ಅಂದೆ ನಾನು.

ಅವಳು ನಕ್ಕುಬಿಟ್ಟಳು. "ಮೂಟೇಲಿರೋದೂ ಹಿಟ್ಟೇ ಅಲ್ವಾ ಅಮ್ಮಾ? ನಾನು ಹೊತ್ತಿದ್ದು ಅದಕ್ಕೆ ಗೊತ್ತಾಗಲ್ವಾ?"

ಅತ್ತೆ ಒರೆಸಿದ್ದ ಮೇಜನ್ನೇ ಮತ್ತೆ ಒರೆಸತೊಡಗಿದರು. ಭಾನುವಾರ ಅವಳೂ ನಮ್ಮ ಚರ್ಚಿಗೇ ಬರುತ್ತಿದ್ದಳು. ಅವಳ ಜನರೆಲ್ಲ ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕೂರುವುದು ರೂಢಿ. ಯಾರು ಹಾಗೆ ಹೇಳಿದ್ದರೋ ಯಾರಿಗೂ ನೆನಪಿಲ್ಲ, ಆದರೆ ಮುಂದೆ ಬನ್ನಿ ಎಂದು ಕರೆದವರೂ ಇಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅಂತ ನಾನು ಅತ್ತೆಗೆ ಹೇಳಿ ಹೇಳಿ ಬೈಸಿಕೊಂಡಿದ್ದೇನೆ.

ಆ ಶನಿವಾರ ಮಧ್ಯಾಹ್ನ ಅತ್ತೆಯ ಆತುರವೇ ಅತ್ತೆಗೆ ಮುಳುವಾಯಿತು. ಬಟ್ಟೆ ಹಿಡಿಯದೆ ಬರಿಗೈಯಲ್ಲಿ ಓವನ್ನಿನಿಂದ ಟ್ರೇ ಎಳೆದರು. ಚೀರಿದ್ದು ಬೀದಿಗೆಲ್ಲ ಕೇಳಿಸಿತು. ನಾನು ಗಲ್ಲಾ ಬಿಟ್ಟು ಓಡುವಷ್ಟರಲ್ಲಿ ಅವಳು ಅತ್ತೆಯ ಮಣಿಕಟ್ಟು ಹಿಡಿದು ಬಲಗೈಯನ್ನು ನಲ್ಲಿಯ ಕೆಳಗೆ ಒತ್ತಿ ಹಿಡಿದಿದ್ದಳು.

"ಬಿಡೇ! ಮುಟ್ಬೇಡ ಅಂದ್ರೆ ಗೊತ್ತಾಗಲ್ವಾ ನಿಂಗೆ?"

"ಎಷ್ಟು ಬೇಕಾದ್ರೂ ಬಯ್ಯಿರಿ ಅಮ್ಮಾ. ಕೈ ಮಾತ್ರ ನೀರಲ್ಲೇ ಇರ್ಲಿ."

ಅತ್ತೆ ಬೈದರು. ಕೇಳಲಾಗದ ಮಾತುಗಳನ್ನೆಲ್ಲ ಬೈದರು. ಅವಳು ಹಿಡಿತ ಸಡಿಲಿಸಲಿಲ್ಲ. ಕೊನೆಗೆ ಬಯ್ಗುಳ ಖಾಲಿಯಾಗಿ ಅತ್ತೆ ಮಕ್ಕಳಂತೆ ಅತ್ತರು. ಆಗಲೂ ಅವಳು ಕೈ ಬಿಡಲಿಲ್ಲ. ಡಾಕ್ಟರು ಬ್ಯಾಂಡೇಜು ಸುತ್ತಿ, ನೀರು ಹಾಕಿದ್ದು ಒಳ್ಳೆಯದಾಯಿತು ಎಂದರು.

ಮಾರನೆಯ ದಿನವೇ ಕರ್ತನ ಭೋಜನ. ರೊಟ್ಟಿಗೆ ಯಾರು ನಾದಬೇಕು? ಅತ್ತೆ ನನ್ನ ಮುಖ ನೋಡಿದರು, ನೋಡಿ ನಿಟ್ಟುಸಿರು ಬಿಟ್ಟರು. ಒಳಗಿಂದ ಹೊರಗೆ, ಹೊರಗಿಂದ ಒಳಗೆ ಓಡಾಡಿದರು.

"ನಾನು ನಾದ್ತೀನಿ ಅಮ್ಮಾ. ನಮ್ಮೂರಲ್ಲಿ ಮನೆಗೆಲ್ಲ ನಾನೇ ಮಾಡ್ತಿದ್ದೆ," ಎಂದಳು ಅವಳು.

"ನಿಂಗೇನು ತಲೆ ಕೆಟ್ಟಿದ್ಯಾ? ಗೊತ್ತಾದ್ರೆ ಚರ್ಚಿನವ್ರು ನಮ್ಮ ರೊಟ್ಟಿ ನಿಲ್ಲಿಸ್ತಾರೆ. ಬೀದಿಯವ್ರು ಈ ಕಡೆ ತಲೆ ಹಾಕಿ ಮಲಗಲ್ಲ. ಅಂಗಡಿಗೆ ಬೀಗ ಹಾಕೋದೇ!"

"ನಾನು ಹೇಳಲ್ಲ."

ಅವಳು ಎಷ್ಟು ಸಹಜವಾಗಿ ಹಾಗೆ ಅಂದಳೆಂದರೆ ನನಗೆ ನಾಚಿಕೆಯಾಯಿತು. ಅತ್ತೆ ಇನ್ನೆರಡು ಸುತ್ತು ಓಡಾಡಿ, "ಬಾಗಿಲು ಹಾಕು," ಎಂದು ನನಗೆ ಗದರಿದರು. ಅವಳು ಅಂಗಿಯ ತೋಳು ಮೇಲಕ್ಕೆ ಮಡಿಸಿ, ಕೈ ತೊಳೆದು, ತನ್ನ ಭಾಷೆಯಲ್ಲಿ ಅದೇ ಪ್ರಾರ್ಥನೆ ಶುರು ಮಾಡಿದಳು. ಒಂದೊಂದು ಮಾತನ್ನೂ ಆರಾಮವಾಗಿ, ಎದುರಿಗೆ ಕೂತವರ ಜೊತೆ ಮಾತಾಡುವಂತೆ. ಹಿಟ್ಟು ಅವಳ ಅಂಗೈ ಕೆಳಗೆ ಉಬ್ಬಿ ಹೊರಳುತ್ತಿತ್ತು.

"ಬೇಗ! ಬೇಗ!" ಅತ್ತೆ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಹಾರಾಡಿದರು.

"ದೇವರ ಹತ್ರ ಏನಮ್ಮಾ ಅವಸರ?" ಎಂದಳು ಅವಳು, ಕೈ ನಿಲ್ಲಿಸದೆ. ಕೊನೆಗೆ ಆಮೆನ್ ಅಂದವಳು ಇನ್ನೇನೋ ಎರಡು ಮಾತು ಸೇರಿಸಿದಳು. ಏನದು ಎಂದು ನಾನು ಕೇಳಿದೆ. "ಅಮ್ಮಾವ್ರ ಕೈ ಬೇಗ ವಾಸಿ ಆಗ್ಲಿ ಅಂದೆ," ಅಂದಳು.

ಅವತ್ತು ಸಂಜೆ ಅತ್ತೆಗೆ ಊಟ ಸೇರಲಿಲ್ಲ. ಬೈಬಲ್ ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. "ಅಷ್ಟು ಬೈದೆನಲ್ಲೇ, ನನಗೋಸ್ಕರ ಯಾಕೆ ಬೇಡ್ಕೊಂಡ್ಳು ಅವಳು?" ಎಂದರು. "ಅವಳನ್ನೇ ಕೇಳಿ," ಅಂದೆ. "ಅವಳು ತಂದೇ ಅಂತ ಕರೆಯೋದೂ ಅವನನ್ನೇ, ನಾನು ಕರೆಯೋದೂ ಅವನನ್ನೇ. ಹಾಗಾದ್ರೆ ನಾನು ಯಾರ ಮಗಳಿಗೆ ಮುಟ್ಬೇಡ ಅಂದಿದ್ದು?" ಎಂದರು. ನನಗೆ ಕೊಂಕು ಮಾತು ನಾಲಿಗೆ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

ನಮ್ಮ ಚರ್ಚಿನಲ್ಲಿ ರೊಟ್ಟಿಯ ತಟ್ಟೆ ಮುಂದಿನ ಬೆಂಚಿನಿಂದ ಹಿಂದಕ್ಕೆ ಹೋಗುತ್ತದೆ. ಪ್ರತಿಯೊಬ್ಬರೂ ತಮ್ಮ ಪಾಲು ಮುರಿದುಕೊಂಡು ಕೈಯಲ್ಲಿ ಹಿಡಿದಿರಬೇಕು. ಪಾದ್ರಿಗಳು ಹೇಳಿದ ಮೇಲೆ ಎಲ್ಲರೂ ಒಟ್ಟಿಗೆ ತಿನ್ನುವುದು. ನಮ್ಮ ಗಟ್ಟಿ ರೊಟ್ಟಿಯಿಂದ ಜನ ಯಾವಾಗಲೂ ಚೂರೇ ಚೂರು ಚಿವುಟಿಕೊಳ್ಳುತ್ತಿದ್ದರು, ಕೊನೆಗೆ ಅರ್ಧ ಉಳಿಯುತ್ತಿತ್ತು. ಆ ಭಾನುವಾರ ರೊಟ್ಟಿ ಹತ್ತಿಯಂತೆ ಮೆತ್ತಗಿತ್ತು. ಘಮಘಮ ಬೇರೆ. ಚರ್ಚಿನ ಆಡಳಿತ ನೋಡುವ ಹಿರಿಯರ ಹೆಂಡತಿ ಧಾರಾಳವಾಗಿ ಮುರಿದುಕೊಂಡು, "ಕೈ ಸುಟ್ಕೊಂಡ್ರೂ ನಿಮ್ಮ ಕೈಗುಣ ಹೋಗ್ಲಿಲ್ಲ ನೋಡಿ!" ಎಂದು ಅತ್ತೆಯ ಕಿವಿಯಲ್ಲಿ ಉಸುರಿದರು. ಅತ್ತೆಯ ಪಾಲನ್ನು ನಾನೇ ಮುರಿದು ಎಡಗೈಗೆ ಕೊಟ್ಟೆ. ಎಲ್ಲರ ಕೈಯಲ್ಲೂ ಅವತ್ತು ದೊಡ್ಡ ದೊಡ್ಡ ತುಂಡು.

ಕೊನೆಯ ಬೆಂಚಿಗೆ ತಟ್ಟೆ ಹೋದಾಗ ಅದರಲ್ಲಿ ಪುಡಿಯೂ ಇರಲಿಲ್ಲ.

ಪಾದ್ರಿಗಳು ಗಂಟಲು ಸರಿಮಾಡಿಕೊಂಡರು. "ಹಿಂದಿನವರು ಬೇಸರ ಮಾಡ್ಕೋಬೇಡಿ, ದೇವರು ಹೃದಯ ನೋಡ್ತಾನೆ," ಎಂದರು. ಆ ಬೆಂಚಿನವರು ತಲೆ ತಗ್ಗಿಸಿದರು. ಅವಳು ತಗ್ಗಿಸಲಿಲ್ಲ. ನಾದಿದ ತನ್ನ ಬರಿಗೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಹೇಳಲ್ಲ ಎಂದು ಮಾತು ಕೊಟ್ಟಿದ್ದಳಲ್ಲ.

ಅತ್ತೆ ಎದ್ದರು. ನಾನು ಸೆರಗು ಹಿಡಿದೆಳೆದೆ, ಕೊಡವಿದರು. ನಡುವಿನ ದಾರಿಯಲ್ಲಿ ಕೊನೆಯ ಬೆಂಚಿನವರೆಗೂ ನಡೆದು, ತಿರುಗಿ ನಿಂತು, "ಈ ರೊಟ್ಟಿ ನಾನು ಮಾಡಿದ್ದಲ್ಲ. ಇವಳು ನಾದಿದ್ದು," ಎಂದರು. "ಇಷ್ಟು ದಿನ ನಾನಿವಳನ್ನ ಹಿಟ್ಟು ಮುಟ್ಟೋಕೆ ಬಿಟ್ಟಿರ್ಲಿಲ್ಲ. ಕರ್ತನ ಮೇಜಿಂದ ಇವಳು ಬರಿಗೈಲಿ ಹೋದ್ರೆ ನಾನು ಯಾವ ಮುಖ ಇಟ್ಕೊಂಡು ತಿನ್ಲಿ?"

ಹಿರಿಯರ ಹೆಂಡತಿ ತಮ್ಮ ಕೈಯಲ್ಲಿದ್ದ ತುಂಡನ್ನು ನೋಡಿದರು, ಬೆಂಚಿನ ಮೇಲಿಟ್ಟರು, ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡರು. ಅಂಗಡಿಯ ಗತಿ ಏನೆಂಬುದು ನನಗೆ ಅಲ್ಲೇ ಗೊತ್ತಾಯಿತು. ಅತ್ತೆಯೂ ಅದನ್ನು ನೋಡಿದರು. ನೋಡಿಯೂ ತಮ್ಮ ತುಂಡನ್ನು ಅವಳ ಮುಂದೆ ಹಿಡಿದರು.

"ನಂಗೆ ಒಂದೇ ಕೈ ಇರೋದು. ನೀನೇ ಮುರಿ ತಂಗಿ."

ಅವಳು ತಕ್ಷಣ ಕೈ ಚಾಚಲಿಲ್ಲ. "ಇಲ್ಲಿ ಸರಿ ಅಮ್ಮಾ. ನಾಳೆ ಅಂಗಡೀಲಿ?" ಎಂದು ಕೇಳಿದಳು.

ಇಡೀ ಚರ್ಚು ಕಾಯುತ್ತಿತ್ತು. "ನಾಳೆ ಹಿಟ್ಟು ನೀನೇ ನಾದು. ಬಾಗಿಲು ತೆಗೆದಿಟ್ಟೇ ನಾದು, ಎಲ್ರೂ ನೋಡ್ಲಿ. ನನ್ನ ಕೈ ವಾಸಿ ಆದ್ಮೇಲೆ ಇಬ್ರೂ ಒಂದೇ ಮೇಜಲ್ಲಿ ನಾದೋಣ. ತಿನ್ನೋರು ತಿಂತಾರೆ, ಬಿಡೋರು ಬಿಡ್ಲಿ. ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೋ," ಎಂದರು ಅತ್ತೆ. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ.

ಅವಳು ರೊಟ್ಟಿ ತೆಗೆದುಕೊಂಡು ಮುರಿದಳು. ಒಂದು ಪಾಲನ್ನು ತನ್ನ ಬೆಂಚಿನವರಿಗೆ ದಾಟಿಸಿದಳು, ಇನ್ನೊಂದನ್ನು ಅತ್ತೆಯ ಮುಂದೆ ಹಿಡಿದಳು. ಅತ್ತೆ ಅದನ್ನು ಅವಳ ಕೈಯಿಂದ ಇಸಿದುಕೊಂಡು ಬಾಯಿಗಿಟ್ಟುಕೊಂಡರು. ಪಾದ್ರಿಗಳು ಹೇಳುವವರೆಗೂ ಕಾಯಲಿಲ್ಲ.