ನಾಲ್ಕು ಮರ, ಸ್ವಲ್ಪ ಸಿಟ್ಟು

ತಿಪಟೂರಿನ ಮಕ್ಕಳಿಗೆ ಇಂಗ್ಲಿಷಿನ ‘ಫ್ಯೂ’, ‘ಎ ಫ್ಯೂ’ಗಳ ವ್ಯತ್ಯಾಸ ಕಲಿಸುವುದರಲ್ಲೇ ನನ್ನ ಅರ್ಧ ಆಯಸ್ಸು ಸವೆಯಿತು. ‘ಫ್ಯೂ’ ಅಂದರೆ ಇಲ್ಲವೆನ್ನುವಷ್ಟು ಕಡಿಮೆ. ‘ಎ ಫ್ಯೂ’ ಅಂದರೆ ಕಡಿಮೆಯಾದರೂ ಇವೆ. ಎಣಿಸುವ ತೆಂಗಿನಕಾಯಿಗೆ ‘ಫ್ಯೂ’, ಅಳೆಯುವ ಕೊಬ್ಬರಿ ಎಣ್ಣೆಗೆ ‘ಲಿಟಲ್’. ಮಕ್ಕಳು ತಲೆಯಾಡಿಸಿ ಮನೆಗೆ ಹೋಗುತ್ತಿದ್ದರು. ಮನೆಯಲ್ಲಿ ಬೇರೆಯದೇ ಪಾಠ.

ನಮ್ಮ ಸೀಮೆಯಲ್ಲಿ ಯಾರೂ ಇದ್ದಷ್ಟನ್ನು ಬಾಯಿಬಿಟ್ಟು ಹೇಳುವುದಿಲ್ಲ, ದೃಷ್ಟಿಯಾದೀತೆಂಬ ಭಯ. ಕಣ್ಣು ಹರಿಯುವಷ್ಟು ದೂರ ತೋಟವಿದ್ದವನೂ “ಏನೋ, ನಾಕ್ ಮರ ಅವೆ ಕಣಪ್ಪ” ಎಂದು ನಿಟ್ಟುಸಿರು ಬಿಡುತ್ತಾನೆ. ಕೇಳಿದವನು ಮನಸ್ಸಿನಲ್ಲೇ ಗುಣಿಸಿಕೊಳ್ಳುತ್ತಾನೆ.

ತೊಂಬತ್ತರ ದಶಕದ ಕೊನೆಯಲ್ಲಿ ಅಮ್ಮನ ಜೊತೆ ಕಂದಿಕೆರೆಗೆ ಹೆಣ್ಣು ನೋಡಲು ಹೋದಾಗ ನಾನು ಇದನ್ನೇ ಮರೆತೆ. ಕಾಫಿ ತಂದ ನಾಗರತ್ನ ತಲೆ ತಗ್ಗಿಸದೆ ನನ್ನನ್ನು ನೇರವಾಗಿ ನೋಡಿದಳು. ಮದುವೆಯಾದರೆ ಇವಳನ್ನೇ ಎಂದು ಅಲ್ಲೇ ನಿಶ್ಚಯಿಸಿಬಿಟ್ಟೆ.

“ತೋಟ ಎಷ್ಟೈತೆ ಮೇಷ್ಟ್ರೇ?” ಎಂದು ಕೇಳಿದರು ಅವಳ ಅಪ್ಪ.

“ಹಿತ್ತಲಲ್ಲಿ ನಾಲ್ಕು ಮರ ಇವೆ, ಅಷ್ಟೇ.”

ಅವರ ಮುಖ ಅರಳಿತು. “ಎಷ್ಟು ವಿನಯ ನೋಡ್ರಿ!”

“ಇಲ್ಲ, ನಿಜವಾಗ್ಲೂ ನಾಲ್ಕೇ.”

“ಆಯ್ತು ಬುಡಿ, ನಮಗೆ ಗೊತ್ತಾಗಲ್ವಾ?”

ನಾನು ಆಣೆ ಮಾಡಿದಷ್ಟೂ ಅವರ ಕಣ್ಣಲ್ಲಿ ನನ್ನ ತೋಟ ಬೆಳೆಯುತ್ತಲೇ ಹೋಯಿತು. ಸುಮ್ಮನಿರು ಅಂತ ಅಮ್ಮ ತೊಡೆ ಚಿವುಟಿದಳು.

ಮುಂದಿನ ವಾರ ಅವರು ಮನೆ ನೋಡಲು ಬಂದರು. ನೇರ ಹಿತ್ತಲಿಗೇ ಕರೆದುಕೊಂಡು ಹೋದೆ. ನಾಲ್ಕು ಮರ, ಅದರಲ್ಲೊಂದಕ್ಕೆ ನುಸಿರೋಗ. ಅವರು ಬೇಲಿಯಾಚೆ ಇಣುಕಿದರು.

“ಮಿಕ್ಕವು?”

“ಇಷ್ಟೇ.”

ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಕ್ಕರಿಸಿದರು. ಅಯ್ಯೋ, ನಾಗರತ್ನ ಕೈತಪ್ಪಿದಳು ಅಂದುಕೊಂಡೆ. ಅವರು ಮರಗಳನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಇರೋದ್ನ ಇದ್ದಂಗೇ ಹೇಳೋ ಗಂಡು ನಮ್ ಕಡೆ ಇನ್ನೆಲ್ಲಿ ಸಿಕ್ತಾನೆ! ಹುಡುಗಿ ನಿಮ್ದೇ ಬುಡಿ.” ಕಣ್ಣೊರೆಸಿಕೊಂಡು ಮೇಲೆದ್ದು ಮೆಲ್ಲಗೆ ಸೇರಿಸಿದರು: “ನಾವೂ ಏನೂ ಮುಚ್ಚಿಡಲ್ಲ. ಅವ್ಳಿಗೆ ಸ್ವಲ್ಪ ಸಿಟ್ಟು ಕಣ್ರೀ.”

ಎಂಥ ಪ್ರಾಮಾಣಿಕರು! ‘ಎ ಲಿಟಲ್’, ಕಡಿಮೆಯಾದರೂ ಇದೆ, ಇರಲಿ ಬಿಡು ಎಂದು ಖುಷಿಯಾಗಿ ತಾಳಿ ಕಟ್ಟಿದೆ.

ಮದುವೆಯಾದ ಹೊಸದರಲ್ಲೇ ಒಂದು ದಿನ ಕರಿಬೇವು ತರುವುದನ್ನು ಮರೆತು ಬಂದೆ. ಒಗ್ಗರಣೆ ಸೌಟು ಅಡುಗೆಮನೆಯಿಂದ ಹಾರಿ, ನನ್ನ ಕಿವಿಯ ಪಕ್ಕದಲ್ಲೇ ಹಾದು, ಹಿತ್ತಲಿನ ನುಸಿಮರಕ್ಕೆ ಬಡಿಯಿತು. ಆಗ ಹೊಳೆಯಿತು: ಮಾವನವರೂ ಇದೇ ಸೀಮೆಯವರು. ಅಂದು ಹಿತ್ತಲಲ್ಲಿ ಇದ್ದಷ್ಟನ್ನೇ ಹೇಳಿದವನು ನಾನೊಬ್ಬನೇ.