ಈ ಕಾಗದ ಎಂತ ಕೆಲಸಕ್ಕೆ ಬಂದದ್ದು?

ಬೆಳಿಗ್ಗೆ ಆರೂವರೆ. ಹೊನ್ನಾವರ ದಾಟಿ ಕುಮಟಾ ಕಡೆ ಹೋಗುವ ಹೆದ್ದಾರಿಯಿಂದ ಸಮುದ್ರದ ಬದಿಗೆ ಇಳಿದರೆ ಒಂದು ಸರ್ಕಾರಿ ಶಾಲೆ ಸಿಗುತ್ತದೆ. ಗೇಟಿಗೆ ಇನ್ನೂ ಬೀಗ. ಹಿಂದಿನ ಪಾಗಾರದ ಗೋಡೆ ಕುಸಿದ ಕಡೆಯಿಂದ ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಬಂದಾಗಿದೆ. ಅಡುಗೆ ಕೋಣೆಯ ಬಾಗಿಲು ಮಾತ್ರ ತೆರೆದಿದೆ. ಅಡುಗೆಯ ಗಣಪಿ ಹರಿಕಾಂತ ಮೊರ ಹಿಡಿದು ಅಕ್ಕಿ ಕೇರುತ್ತಿದ್ದಾರೆ. ಕಣ್ಣು ಅಕ್ಕಿಯ ಮೇಲೆ, ಕಿವಿ ಬಾವಿಯ ಆಚೆಯ ಕಟ್ಟೆಯ ಮೇಲೆ.

"ಸುಮಿತ, ಕತ್ತರಿ ಕೆಳಗಿಡು. ಮೊದಲು ಓದು. ಓದದೆ ಕತ್ತರಿಸಿದ್ರೆ ಅದು ಬರೀ ಚೂರು."

ಕಟ್ಟೆಯ ಮೇಲೆ ಹದಿನಾಲ್ಕು ಮಕ್ಕಳು. ನಡುವೆ ಹೆಸರು ಬರೆದ ಐದು ಡಬ್ಬಿ, ಮತ್ತು ಯಾಣದ ಬಂಡೆಗಳ ಬಗ್ಗೆ ಯಾರೋ ಪ್ರವಾಸಿಗರು ಬಿಟ್ಟುಹೋದ ಒಂದು ಕರಪತ್ರ. ಆರನೇ ಇಯತ್ತೆಯ ಸುಮಿತ ಅದನ್ನು ಓದಿ ಮುಗಿಸಿ ತೀರ್ಪು ಕೊಡುತ್ತಾನೆ.

"ಇದು ಸರತಿ. ಮೊದಲು ಮಳೆ ಬಿತ್ತು, ಆಮೇಲೆ ಕಲ್ಲು ಕರಗಿತು, ಆಮೇಲೆ ಚೂಪಾಯ್ತು. ಎರಡು ಸಲ 'ಆಮೇಲೆ' ಇದೆ, ನೋಡು."

"ಆಮೇಲೆ ಅಂತ ಇದ್ದ ಕೂಡ್ಲೆ ಸರತಿ ಆಗೂದಾ? ನಿನ್ನ ತಲೆ!" ಎನ್ನುತ್ತಾಳೆ ಏಳನೆಯ ಅಂಕಿತಾ. "ಕಲ್ಲು ಯಾಕೆ ಚೂಪು ಅಂತ ಹೇಳೂಕೆ ಬಂದ ಕಾಗದ ಇದು. ತಿರುಗಿಸಿ ಓದು. ಕಲ್ಲು ಚೂಪಾಗಿದೆ, ಯಾಕಂದ್ರೆ ಮಳೆನೀರು ಅದನ್ನ ತಿಂದಿದೆ. ಹಿಂದೆಮುಂದೆ ಮಾಡಿದ್ರೂ ನಿಲ್ತದೆ. ಕಾರಣದ ಡಬ್ಬಿಗೆ ಹಾಕು."

"ಗಣಪಕ್ಕ, ನೀವೇ ಹೇಳಿ."

"ನಾ ಹೇಳೂದಿಲ್ಲ. ಕಾಗದವನ್ನೇ ಕೇಳಿ. ಎಂತ ಕೆಲಸಕ್ಕೆ ಬಂದದ್ದು ಅದು?"

ಮೊರ ಮತ್ತೆ ಆಡುತ್ತದೆ. ಸುಮಿತ ಕರಪತ್ರವನ್ನು ಹಿಂದಿನಿಂದ ಓದಿ ನೋಡುತ್ತಾನೆ, ತುಟಿ ಮುಂದೆ ಮಾಡುತ್ತಾನೆ, ಕಾರಣದ ಡಬ್ಬಿಗೆ ಎಸೆಯುತ್ತಾನೆ.

ಇಷ್ಟು ಬೇಗ ಮಕ್ಕಳು ಬರಲು ಕಾರಣವಿದೆ. ಇವರ ತಾಯಂದಿರು ನಾಲ್ಕು ಗಂಟೆಗೆ ಬುಟ್ಟಿ ಹಿಡಿದು ದಕ್ಕೆಗೆ ಹೋಗುತ್ತಾರೆ. ದೋಣಿ ದಡಕ್ಕೆ ಬರುವ ಹೊತ್ತಿಗೆ ಅಲ್ಲಿ ಇಲ್ಲದಿದ್ದರೆ ಆ ದಿನದ ಮೀನು ಇನ್ನೊಬ್ಬರ ಬುಟ್ಟಿಗೆ. ತಂದೆಯಂದಿರು ಅದಕ್ಕೂ ಮೊದಲೇ ನೀರಿನ ಮೇಲೆ. ಮನೆಯಲ್ಲಿ ಒಬ್ಬರೇ ಕೂರುವ ಬದಲು ಮಕ್ಕಳು ಶಾಲೆಗೆ ಬರುತ್ತಾರೆ. ಶಾಲೆ ತೆರೆಯುವುದು ಒಂಬತ್ತೂವರೆಗೆ. ನಡುವಿನ ಮೂರು ತಾಸು ಯಾರ ಲೆಕ್ಕಕ್ಕೂ ಇಲ್ಲದ ಹೊತ್ತು. ಆ ಹೊತ್ತನ್ನು ಗಣಪಿ ತಾನಾಗಿ ಹೊತ್ತುಕೊಂಡಿದ್ದಾರೆ. ಅವರ ಕೆಲಸ ಶುರುವಾಗುವುದು ಎಂಟೂವರೆಗೆ. ಅವರು ಬರುವುದು ಆರಕ್ಕೆ.

ಐವತ್ತೆರಡು ವರ್ಷದ ಗಣಪಿ ಇಲ್ಲಿ ಹತ್ತೊಂಬತ್ತು ವರ್ಷದಿಂದ ಬಿಸಿಯೂಟ ಮಾಡುತ್ತಿದ್ದಾರೆ. ಅರವತ್ತಮೂರು ಮಕ್ಕಳಿಗೆ ದಿನಕ್ಕೆ ಏಳು ಕಿಲೋ ಚಿಲ್ಲರೆ ಅಕ್ಕಿ, ಎರಡು ಕೊಳಗ ಸಾರು, ಬೆಳಿಗ್ಗೆ ಹಾಲು. ಅವರಿಗೆ ಸಿಗುವುದನ್ನು ಸರ್ಕಾರ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತದೆ. ಅಂಥ ಕೆಲಸ ಕಳೆಯಲು ಒಂದು ಸಾಲಿನ ಕಾಗದ ಸಾಕು. ಅವರ ಓದು ನಾಲ್ಕನೇ ಇಯತ್ತೆ. ಐದನೆಯ ಜೂನಿನಲ್ಲಿ ತಾಯಿಯ ಕಾಲಿಗೆ ಮುಳ್ಳು ಹೊಕ್ಕು ಬಾತು, ಬುಟ್ಟಿ ಮಗಳ ತಲೆಗೆ ಬಂತು. "ಬುಟ್ಟಿ ಇಳಿಸೂಕೆ ಮತ್ತೆ ಯಾರೂ ಹೇಳಲಿಲ್ಲ," ಎನ್ನುತ್ತಾರೆ ಅವರು.

ನಾಲ್ಕನೆಯವರೆಗೆ ಓದಿದವರು ಎಂಬತ್ತು ದಾಟಿದ ನಮ್ಮಂಥವರ ಕಾಲದಲ್ಲಿ ಬೇಕಾದಷ್ಟು ಜನ ಇದ್ದರು. ಅಕ್ಷರ ಗೊತ್ತಿತ್ತು, ಕಾಗದ ಗೊತ್ತಿರಲಿಲ್ಲ. ಮುಂಬೈ ಸರ್ಕಾರ ಹೋಗಿ ನಮ್ಮ ಜಿಲ್ಲೆ ಮೈಸೂರು ಸೇರಿದ ಹೊಸತರಲ್ಲಿ ಕಚೇರಿಯಿಂದ ಒಂದು ಕಾಗದ ಬಂದರೆ ಕೇರಿಗೆ ಕೇರಿಯೇ ಅದರ ಸುತ್ತ ಕೂರುತ್ತಿತ್ತು. ಓದುವವನು ಮೇಲಿನಿಂದ ಕೆಳಗೆ ಓದುತ್ತಿದ್ದ. ಎಲ್ಲ ಶಬ್ದ ಅರ್ಥವಾಗುತ್ತಿತ್ತು, ಕಾಗದ ಏನು ಕೇಳುತ್ತಿದೆ ಅಂತ ಮಾತ್ರ ತಿಳಿಯುತ್ತಿರಲಿಲ್ಲ. ಕೊನೆಗೆ ಕುಮಟಾಕ್ಕೆ ಹೋಗಿ ಅರ್ಜಿ ಬರವಣಿಗೆಯವನ ಕಾಲು ಹಿಡಿಯಬೇಕು. ಅವನು ಅರ್ಧ ನಿಮಿಷ ನೋಡಿ ಹೇಳುತ್ತಿದ್ದ. ಅವನು ಎಲ್ಲಿ ನೋಡಿದ ಎಂಬುದು ನಮಗೆ ಕೊನೆತನಕ ಗೊತ್ತಾಗಲಿಲ್ಲ.

ಗಣಪಿಗೆ ಗೊತ್ತಾದದ್ದು ಒಂದು ಒಲೆಯಿಂದ.

ಹನ್ನೊಂದು ವರ್ಷದ ಹಿಂದೆ ಶಾಲೆಗೆ ಹೊಸ ಗ್ಯಾಸ್ ಒಲೆ ಬಂತು, ಜೊತೆಗೊಂದು ಕಾಗದ. ಜೊತೆಯ ಅಡುಗೆಯವರು ಬೆಳ್ಳಿ. ಅವರಿಗೆ ಓದು ಬರುವುದಿಲ್ಲ. ಗಣಪಿ ಓದುವುದು, ಬೆಳ್ಳಿ ಮಾಡುವುದು ಎಂದು ನಿಶ್ಚಯವಾಯಿತು. ಒಲೆ ಹೊತ್ತಿಸಿದರು. ಉರಿ ನೀಲಿಯಾಗಿ, ಚೆಂದವಾಗಿಯೇ ಬಂತು. ಕಾಗದದ ಮೊದಲ ಸಾಲು: ಉರಿ ಹಳದಿ ಬಂದರೆ ಗಾಳಿಯ ತಿರುಪು ಸಡಿಲಿಸಿ. ಸಡಿಲಿಸಿದರು. ಎರಡನೆಯದು: ಸದ್ದು ಬಂದರೆ ತಿರುಪು ಬಿಗಿ ಮಾಡಿ. ಬಿಗಿ ಮಾಡಿದರು. ಮೂರನೆಯದು: ವಾಸನೆ ಬಂದರೆ ಎಲ್ಲವನ್ನೂ ಬಂದ್ ಮಾಡಿ, ಕಿಟಕಿ ತೆರೆದು, ಹೊರಗೆ ಹೋಗಿ ನಿಲ್ಲಿ. ಇಬ್ಬರೂ ಎಲ್ಲ ಬಂದ್ ಮಾಡಿ, ಕಿಟಕಿ ತೆರೆದು, ಹೊರಗೆ ಬಂದು ಹಲಸಿನ ಮರದ ಕೆಳಗೆ ನಿಂತರು. ಕಾಗದ ಅಲ್ಲಿಗೆ ಮುಗಿದಿತ್ತು. ಮುಂದೆ ಏನು ಮಾಡಬೇಕು ಅಂತ ಅದರಲ್ಲಿ ಇರಲಿಲ್ಲ.

"ಹನ್ನೆರಡೂವರೆವರೆಗೆ ನಿಂತ್ಕಂಡಿದ್ದೆವು," ಎಂದು ಬೆಳ್ಳಿ ಒಳಗಿನಿಂದ ಕೂಗಿ ಹೇಳುತ್ತಾರೆ. "ನಾ ಆಗ್ಲೇ ಹೇಳ್ದೆ, ಗಣಪೀ, ವಾಸನೆ ಎಲ್ಲಿದ್ಯೇ ಅಂತ. ಇವ್ಳು ಹೇಳ್ತಾಳೆ, ಸುಮ್ನಿರೆ, ಸರ್ಕಾರದ ಕಾಗದ."

ಆ ದಿನ ತೊಂಬತ್ತು ಮಕ್ಕಳು ಅವಲಕ್ಕಿ ತಿಂದರು. ಆಗಷ್ಟೇ ನೌಕರಿಗೆ ಬಂದಿದ್ದ ನಿತ್ಯಾನಂದ ಮಾಸ್ತರರು, ಈಗಿನ ಮುಖ್ಯೋಪಾಧ್ಯಾಯರು, ಮೊದಲು ನಕ್ಕರು. ಆಮೇಲೆ ಕಾಗದ ಕೈಗೆ ತೆಗೆದುಕೊಂಡು ಹೇಳಿದರು: "ಗಣಪಕ್ಕ, ಇದು ಒಂದಾದ ಮೇಲೆ ಒಂದು ಮಾಡುವ ಕೆಲಸ ಅಲ್ಲ. ಇದು ತೊಂದರೆ ಮತ್ತು ಮದ್ದು. ತೊಂದರೆ ಬಂದರೆ ಮಾತ್ರ ಅದರ ಎದುರಿನ ಮದ್ದು."

ಗಣಪಿಗೆ ಆ ರಾತ್ರಿ ನಾಚಿಕೆ ಆಯಿತಂತೆ. ಮರುದಿನ ಸಿಟ್ಟು ಬಂತಂತೆ. "ನಾಕು ವರ್ಷ ಶಾಲೆಗೆ ಹೋಗಿದ್ದೆ ನಾನು. ಕಾಗದಕ್ಕೂ ಒಂದೊಂದು ನಡಿಗೆ ಇರ್ತದೆ ಅಂತ ಒಬ್ಬರೂ ಹೇಳಲಿಲ್ಲ. ದೊಡ್ಡವರಿಗೆ ಗೊತ್ತಿತ್ತು, ನಮಗೆ ಹೇಳಲಿಲ್ಲ. ಹೇಳಿದ್ರೆ ನಮ್ಮನ್ನ ಹೊರಗೆ ನಿಲ್ಸೂಕೆ ಆಗ್ತಿರಲಿಲ್ಲ, ಅದಕ್ಕೇ."

ಅಂದಿನಿಂದ ಕಾಗದ ಕೂಡಿಹಾಕುವ ಚಟ ಹಿಡಿಯಿತು. ಔಷಧಿಯ ಜೊತೆ ಬಂದ ಚೀಟಿ, ಮೀನುಗಾರಿಕೆ ನಿಲ್ಲಿಸುವ ನೋಟಿಸು, ಅಪ್ಸರಕೊಂಡದ ದಂಡೆಯ ಎಚ್ಚರಿಕೆ ಫಲಕದಿಂದ ಮಕ್ಕಳು ನಕಲು ಮಾಡಿಕೊಂಡು ಬಂದ ಸಾಲುಗಳು, ಮಕ್ಕಳದೇ ವಿಜ್ಞಾನ ಮತ್ತು ಸಮಾಜದ ಹಳೆ ಪುಸ್ತಕದ ಪುಟಗಳು. ಈಗ ಇನ್ನೂರಕ್ಕೂ ಹೆಚ್ಚಿವೆ. ಅವುಗಳ ಮನೆ ಖಾಲಿ ಎಣ್ಣೆ ಡಬ್ಬಿಗಳು. ಮೇಲ್ಭಾಗ ಕತ್ತರಿಸಿ, ಅಂಚು ಬಡಿದು, ಬಿಳಿ ಬಣ್ಣದಲ್ಲಿ ಗಣಪಿಯೇ ಹೆಸರು ಬರೆದಿದ್ದಾರೆ. ಕೆಲಸವನ್ನು ಕ್ರಮವಾಗಿ ಹೇಳುವ ಕಾಗದ 'ಸರತಿ'ಗೆ ಹೋಗುತ್ತದೆ. ಯಾಕಾಯಿತು, ಅದರಿಂದ ಏನಾಯಿತು ಎನ್ನುವುದು 'ಕಾರಣ'ಕ್ಕೆ. ಎರಡನ್ನು ಅಕ್ಕಪಕ್ಕ ಇಟ್ಟು ತೂಗುವುದು 'ಹೋಲಿಕೆ'. ಒಂದು ವಸ್ತು ಅಥವಾ ಜಾಗದ ಚಿತ್ರ ಕೊಡುವುದು 'ಹೇಗಿದೆ'. 'ತೊಂದರೆ-ಮದ್ದು' ಎಲ್ಲಕ್ಕಿಂತ ಹಳೆಯ ಡಬ್ಬಿ. ಒಲೆಯ ಕಾಗದ ಇನ್ನೂ ಅದರ ತಳದಲ್ಲಿದೆ. ಎಲ್ಲಿಗೂ ಒಗ್ಗದ ಕಾಗದ, ಕತ್ತರಿಸಿ ತೆಗೆದ ಒಂದು ಮುಚ್ಚಳದ ಮೇಲೆ. ಜಗಳ ಹೆಚ್ಚು ಆಗುವುದು ಮುಚ್ಚಳದ ಮೇಲಿನವಕ್ಕೇ.

ಕತ್ತರಿ ಯಾಕೆ ಎಂದು ಕೇಳಿದರೆ ಗಣಪಿ ಒಗ್ಗರಣೆ ಸೌಟು ಕೆಳಗಿಟ್ಟು ಕೈ ಬೀಸಿ ವಿವರಿಸುತ್ತಾರೆ. "ಸಂಶಯ ಬಂದ್ರೆ ಸಾಲು ಸಾಲು ಕತ್ತರಿಸಿ ಅದಲು ಬದಲು ಮಾಡೂದು. ಹೇಗಿದೆ ಅಂತ ಹೇಳೂ ಕಾಗದ ಬುಟ್ಟಿ ಮೀನಿದ್ದಂಗೆ, ಹೆಂಗೆ ಸುರಿದ್ರೂ ಅದೇ ಮೀನು. ಸರತಿ ಹಾಗಲ್ಲ. ಮಸಾಲೆ ಅರೆಯೂಕೆ ಮುಂಚೆ ಮೀನು ಬೇಯ್ಸಿಟ್ರೆ ಯಾರು ತಿಂತ್ರು?"

ಅಂಕಿತಾಳ ತಂದೆ ದುರ್ಗ, ದೋಣಿಗೆ ಹೋಗುವವರು. ಭಟ್ಕಳದ ಅಂಗಡಿಯಿಂದ ಬಲೆಯ ನೂಲಿನ ಜಾಹೀರಾತು ತಂದಿದ್ದರು, ಹಳೇ ನೂಲು, ಹೊಸ ನೂಲು ಅಂತ ಎರಡು ಸಾಲು ಮಾಡಿದ್ದು. ಮಗಳು ನೋಡಿ, "ಅಪ್ಪಾ, ಇದು ಹೋಲಿಕೆ ಅಲ್ಲ. ಹೊಸದರ ಬಗ್ಗೆ ಆರು ಮಾತು, ಹಳೆದರ ಬಗ್ಗೆ ಎರಡೇ. ಬಿಸಿಲಿಗೆ ತಡೀತದ ಅಂತ ಎರಡಕ್ಕೂ ಕೇಳು," ಎಂದಳಂತೆ. ದುರ್ಗ ಹೋಗಿ ಕೇಳಿದರು. ಅಂಗಡಿಯವರು ಜಾಹೀರಾತನ್ನೇ ಮತ್ತೊಮ್ಮೆ ಓದಿ ಹೇಳಿದರು. "ಈಗ ನನ್ನನ್ನೂ ಡಬ್ಬಿಗೆ ಹಾಕ್ತದೆ ಅದು," ಎಂದು ದುರ್ಗ ನಗುತ್ತಾರೆ. "ತಡವಾಗಿ ಮನೆಗೆ ಹೋಗಿ ಎಂತಾದ್ರೂ ಹೇಳಿದ್ರೆ, ಅಪ್ಪಾ ಇದು ಕಾರಣ ಅಲ್ಲ, ಬರೀ ಸರತಿ ಅಂತದೆ."

ಇಷ್ಟಕ್ಕೆ ಯಾರ ತಕರಾರು? ಹೋದ ಸೆಪ್ಟೆಂಬರಿನಲ್ಲಿ ಮೇಲಿನ ಕಚೇರಿಯವರೊಬ್ಬರು ಬೆಳಿಗ್ಗೆ ಬೇಗ ಬಂದರು. ಅಡುಗೆಯವರ ಕೈಯಲ್ಲಿ ಕತ್ತರಿ, ಸುತ್ತ ಮಕ್ಕಳು, ನಡುವೆ ಪಾಠದ ಪುಟ. "ನೀವೇನು ಟೀಚರಾ?" ಎಂದು ಕೇಳಿದರು. ಗಣಪಿ, "ಅಲ್ಲ ಸರ್, ಅಡುಗೆಯವಳು. ಹಾಲು ಕುಡೀತ್ರಾ?" ಎಂದರು. ಅವರು ಕುಡಿಯಲಿಲ್ಲ. ಹತ್ತು ದಿನದಲ್ಲಿ ಕಾಗದ ಬಂತು. ಅಡುಗೆ ಸಿಬ್ಬಂದಿ ಮಕ್ಕಳ ಓದಿನ ವಿಷಯಕ್ಕೆ ಕೈಹಾಕಬಾರದು. ಶಾಲೆಯ ವೇಳೆಗೆ ಮುಂಚೆ ಮಕ್ಕಳನ್ನು ಕಟ್ಟೆಯ ಮೇಲೆ ಕೂರಿಸಬಾರದು. ಡಬ್ಬಿಗಳನ್ನು ತೆಗೆಯಬೇಕು. ತಪ್ಪಿದರೆ ಕೆಲಸದಿಂದ ಬಿಡುಗಡೆ.

ಬೆಳ್ಳಿ ಅತ್ತರು. ಗಣಪಿ ಮರುದಿನ ಬೆಳಿಗ್ಗೆ ಆರೂವರೆಗೆ ಆ ಕಾಗದವನ್ನೇ ಕಟ್ಟೆಯ ಮೇಲಿಟ್ಟರು.

"ಎಂತ ಕೆಲಸಕ್ಕೆ ಬಂದದ್ದು ಇದು?"

ಮಕ್ಕಳು ಓದಿದರು. ಕೊನೆಗೆ ಅಂಕಿತಾ ನಕಲು ಮಾಡಿ, ನಾಲ್ಕು ಸಾಲು ಕತ್ತರಿಸಿ, ಅದಲು ಬದಲು ಮಾಡಿದಳು. "ಹೆಂಗಿಟ್ರೂ ಒಂದೇ ಗಣಪಕ್ಕ. ಬೇಡ, ಬೇಡ, ತೆಗಿ, ಹೋಗು. ಯಾಕೆ ಅಂತ ಎಲ್ಲೂ ಇಲ್ಲ."

ಗಣಪಿಗೆ ಎಳೆ ಹಿಡಿಯಲು ಅಷ್ಟು ಸಾಕಾಯಿತು. ನೋಟ್‌ಬುಕ್ಕಿನ ಹಾಳೆಯಲ್ಲಿ ತಮ್ಮದೇ ದಪ್ಪ ಅಕ್ಷರದಲ್ಲಿ ಉತ್ತರ ಬರೆದರು. ಅದರ ನಕಲು ನೋಡಿದ್ದೇನೆ. "ತಾಯಂದಿರು ನಾಲ್ಕು ಗಂಟೆಗೆ ದಕ್ಕೆಗೆ ಹೋಗುತ್ತಾರೆ. ಆದ್ದರಿಂದ ಮಕ್ಕಳು ಬೇಗ ಬರುತ್ತಾರೆ. ಬಂದ ಮಕ್ಕಳು ಸುಮ್ಮನೆ ಕೂರುವುದಿಲ್ಲ, ಆದ್ದರಿಂದ ಓದುತ್ತಾರೆ. ಒಲೆಯ ಹತ್ತಿರ ಅಪಾಯ ಎಂಬುದು ನಿಮ್ಮ ಕಾರಣ ಆಗಿದ್ದರೆ ಅದು ಸರಿ, ನಾನು ಇಂದೇ ಮಕ್ಕಳನ್ನು ಬಾವಿಯ ಆಚೆಯ ಕಟ್ಟೆಗೆ ಕಳಿಸಿದ್ದೇನೆ. ಬೇರೆ ಕಾರಣ ಇದ್ದರೆ ಬರೆದು ಕಳಿಸಿ. ನಿಮ್ಮ ಕಾಗದದಲ್ಲಿ ಕಾರಣ ಇಲ್ಲ. ಕಾರಣ ಬರುವವರೆಗೆ ಡಬ್ಬಿ ತೆಗೆಯುವುದಿಲ್ಲ."

ಮಾಸ್ತರರು ಓದಿ ಕನ್ನಡಕ ತೆಗೆದರು. "ಗಣಪಕ್ಕ, ಇದನ್ನ ಕಳಿಸೋದು ಬೇಡ. ಕೆಲಸ ಹೋಗ್ತದೆ."

"ಹೋದ್ರೆ ಬುಟ್ಟಿ ಇದೆ ಮಾಸ್ತರೇ, ತಲೆಯೂ ಇದೆ. ನೀವು ಸೀಲ್ ಹಾಕಿ, ಸಾಕು. ಆ ದಿನ ಹಲಸಿನ ಮರದ ಕೆಳಗೆ ತೊಂದರೆ-ಮದ್ದು ಹೇಳಿಕೊಟ್ಟವರು ನೀವೇ ಅಲ್ದಾ?"

ಮಾಸ್ತರರು ಕನ್ನಡಕ ಮತ್ತೆ ಹಾಕಿಕೊಂಡು ಕಾಗದವನ್ನು ಇನ್ನೊಮ್ಮೆ ಓದಿದರಂತೆ. ಕೊನೆಗೆ ಸೀಲ್ ಹಾಕಿದರು, ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. ಸಹಿಯನ್ನು ಯಾರೂ ಕೇಳಿರಲಿಲ್ಲ.

ಈಗ ಫೆಬ್ರುವರಿ. ಐದು ತಿಂಗಳಾಯಿತು, ಉತ್ತರ ಬಂದಿಲ್ಲ. ಟಪಾಲು ಬಂದಾಗಲೆಲ್ಲ ಬೆಳ್ಳಿಯ ಕೈ ನಿಲ್ಲುತ್ತದೆ. ಗಣಪಿಯ ಕೈ ನಿಲ್ಲುವುದಿಲ್ಲ. ನಿಮ್ಮ ಆಸೆ ಏನು ಎಂದು ಕೇಳಿದೆ. "ಉತ್ತರ ಬರ್ಲಿ," ಎಂದರು. "ಕಾರಣ ಹೊತ್ಕಂಡು ಬರ್ಲಿ. ಸರಿ ಇದ್ರೆ ಒಪ್ತೆ, ಇಲ್ಲದಿದ್ರೆ ಇನ್ನೊಂದು ಕಾಗದ ಬರೀತೆ. ಕಾರಣ ಹೇಳದೆ ನಮಗೆ ಎಂತ ಬೇಕಾದ್ರೂ ಹೇಳ್ಬಹುದು ಅಂತ ಅಂದ್ಕಂಡಿದ್ರಲ್ಲ, ಅದು ಈ ಕಟ್ಟೆಯಲ್ಲಿ ನಡಿಯೂದಿಲ್ಲ. ಈ ಹದಿನಾಲ್ಕು ಮಕ್ಕಳ ಹತ್ರ ಮುಂದೂ ನಡಿಯೂದಿಲ್ಲ."

ಬಾವಿಯ ಆಚೆ ಬಿಸಿಲು ಬಂದಿದೆ. ಜನವರಿಯಲ್ಲಿ ಭಟ್ಕಳದಿಂದ ಬಂದು ಸೇರಿದ ಪ್ರಿಯಾ ಮುಚ್ಚಳದ ಮೇಲಿನಿಂದ ಸೆಪ್ಟೆಂಬರ್ ತಾರೀಕಿನ ಒಂದು ಹಾಳೆ ಎತ್ತಿಕೊಳ್ಳುತ್ತಾಳೆ, ಓದುತ್ತಾಳೆ, ತಲೆ ಎತ್ತುತ್ತಾಳೆ.

"ಗಣಪಕ್ಕ, ಇದು ನಿಮ್ಮ ಮೇಲೇ ಬಂದದ್ದಾ?"

"ಯಾರ ಮೇಲೆ ಬಂತು ಅಂತ ಕೇಳಿದ್ನಾ ನಾನು? ಎಂತ ಕೆಲಸಕ್ಕೆ ಬಂತು, ಅದನ್ನ ಹೇಳು."

ಪ್ರಿಯಾ ಕತ್ತರಿ ಹಿಡಿದು ಹಾಳೆಯ ಮೇಲಿನ ಕಚೇರಿಯ ದುಂಡು ಸೀಲನ್ನು ನೋಡುತ್ತಾಳೆ. ಕೈ ಮುಂದೆ ಬರುವುದಿಲ್ಲ. ಗಣಪಿ ಕೊಳಗದ ಮುಚ್ಚಳ ತೆಗೆದು ಅನ್ನದ ಅಗುಳು ಹಿಸುಕಿ ನೋಡುತ್ತಾ, ಆ ಕಡೆ ತಿರುಗದೆಯೇ ಹೇಳುತ್ತಾರೆ:

"ಕತ್ತರಿಸು ತಂಗೀ. ಕುಮಟಾ ಸ್ಟ್ಯಾಂಡಿನಲ್ಲಿ ಇಪ್ಪತ್ತು ಜೆರಾಕ್ಸ್ ಮಾಡ್ಸಿ ಇಟ್ಟಿದ್ದೆ."