ಹಸಿದ ಕೌದಿ

ಇಂಥ ಕಥೆ ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವಳು ನಾನೇ. ಲಿಂಗಸುಗೂರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ದೆವ್ವ, ಗಾಳಿ ಎಂದವರನ್ನು ಅಲ್ಲೇ ಕೂರಿಸಿ ಪಾಠ ಹೇಳಿ ತಲೆ ತಿನ್ನುತ್ತಿದ್ದೆ. ಹಾಗಾಗಿ ಈಗ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಮೊದಲ ಮಗಳು ಇನ್ನೂ ಮೊಲೆ ಕುಡಿಯುವ ಕೂಸು, ಜ್ವರ ಬಂದು ತೀರಿಕೊಂಡಳು. ನಾನು ಅಳಲಿಲ್ಲ. ಮಣ್ಣಿಗಿಟ್ಟು ಬಂದ ದಿನವೂ ಇಲ್ಲ, ಆಮೇಲೂ ಇಲ್ಲ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಒಮ್ಮೆ ಕಾದ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಬೊಬ್ಬೆ ಎದ್ದ ಮೇಲೆ ನೋಡಿಕೊಂಡೆ. ರಾಯಚೂರಿನ ಡಾಕ್ಟರು ಗುಳಿಗೆ ಬರೆದುಕೊಟ್ಟರು. ನಿದ್ದೆ ಬಂತು, ಅಳು ಬರಲಿಲ್ಲ. ಇವಳು ಹೀಗೇ ಉಳಿದುಬಿಡುತ್ತಾಳೇನೋ ಎಂದು ನಮ್ಮ ಯಜಮಾನರು ಹೆದರಿದ್ದರು. ನನಗೆ ಆ ಹೆದರಿಕೆಯೂ ಇರಲಿಲ್ಲ.

ಕೊನೆಗೆ ಅವರು ನನ್ನನ್ನು ಸಂತೆಕಲ್ಲೂರಿನಲ್ಲಿದ್ದ ತಮ್ಮ ಸೋದರತ್ತೆಯ ಮನೆಯಲ್ಲಿ ಬಿಟ್ಟು ಬಂದರು. ಅತ್ತೆ ಕೌದಿ ಹೊಲಿದುಕೊಂಡು ಒಬ್ಬರೇ ಇದ್ದರು. ಮಗುವಿನ ಮಾತು ಎತ್ತಲಿಲ್ಲ, ಸಮಾಧಾನ ಹೇಳಲಿಲ್ಲ. ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ, "ಸುಮ್ಮನ ಕುಂದ್ರಬ್ಯಾಡ ಯವ್ವಾ. ಆ ಮೂಲಿ ನೀ ಹಿಡಿ, ಈ ಮೂಲಿ ನಾ ಹಿಡೀತೀನಿ," ಎಂದು ಸೂಜಿ ಕೊಟ್ಟರು. ಹಿಡಿದೆ. ಏನು ಕೊಟ್ಟಿದ್ದರೂ ಹಿಡಿಯುತ್ತಿದ್ದೆ.

ನಮ್ಮ ಕಡೆ ಕೌದಿಯ ಕೊನೆಯ ಮೂಲೆಯನ್ನು ಹಾಗೇ ಮುಚ್ಚುವುದಿಲ್ಲ. ಒಳಗೆ ಒಂದು ಚೂರು ರೊಟ್ಟಿ ಇಟ್ಟು ಆಮೇಲೆ ಹೊಲಿಯುತ್ತಾರೆ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಕೌದಿ ಮುಗಿಯುವ ದಿನ ಅತ್ತೆ ದಾರ ತರಲು ಮಸ್ಕಿಗೆ ಹೋಗಿದ್ದರು. ನಾನು ಉಳಿದಿದ್ದ ದಾರದಲ್ಲೇ ಹೊಲಿಯುತ್ತಾ ಹೊಲಿಯುತ್ತಾ ಆ ಮೂಲೆಯನ್ನೂ ಮುಚ್ಚಿಬಿಟ್ಟೆ. ರೊಟ್ಟಿಯ ನೆನಪೇ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಕೂಸು ಅಳುವುದು ಕೇಳಿಸಿತು. ಓಣಿಯಲ್ಲಿ ಯಾರದೋ ಇರಬೇಕೆಂದು ಹೊರಗೆ ಹೋದೆ. ಅಲ್ಲಿ ಸದ್ದು ಕಡಿಮೆಯಾಯಿತು. ಒಳಗೆ ಬಂದರೆ ಜೋರಾಯಿತು. ಕೌದಿಯ ಹತ್ತಿರ ಬಗ್ಗಿದರೆ ಇನ್ನೂ ಜೋರು. ಹೆತ್ತವರಿಗೆ ಗೊತ್ತಿರುತ್ತದೆ, ಅದು ನೋವಿನ ಅಳುವಲ್ಲ, ಹಸಿವಿನದು. ನನಗೆ ಭಯವಾಗಲಿಲ್ಲ. ಗೋಡೆಗೆ ಒರಗಿ ಕೇಳುತ್ತಾ ಕೂತೆ.

ಹೊತ್ತು ಮುಳುಗುವ ಮುಂಚೆ ಅತ್ತೆ ಬಂದರು. ಹೊಸ್ತಿಲಲ್ಲೇ ನಿಂತು, "ಯಾರ ಕೂಸು ತಂದಿಟ್ಟುಕೊಂಡೀಯವ್ವಾ? ಎಷ್ಟು ಹಸಿದು ಅಳಾಕತ್ತೈತಿ!" ಎಂದರು. ಹೌದು, ಅವರಿಗೂ ಕೇಳಿಸಿತ್ತು. ನಾನು ಕೌದಿಯ ಕಡೆ ಕೈ ತೋರಿಸಿದೆ. ಅತ್ತೆ ಆ ಮೂಲೆಯನ್ನು ಮುಟ್ಟಿ ನೋಡಿದರು.

"ಹೊಟ್ಟಿ ತುಂಬಿಸದನ ಮುಚ್ಚೀಯಲ್ಲವ್ವಾ," ಎಂದು ಬುಟ್ಟಿಯಿಂದ ಜೋಳದ ರೊಟ್ಟಿಯ ಚೂರು ತಂದು ನನ್ನ ಕೈಗೇ ಕೊಟ್ಟರು. ನಾನು ದಾರ ಕತ್ತರಿಸಿ ರೊಟ್ಟಿ ಒಳಗಿಟ್ಟೆ. ಬಾಯಿಗೆ ಮೊಲೆ ಸಿಕ್ಕ ಕೂಸಿನ ಹಾಗೆ ಅಳು ಒಮ್ಮೆಲೇ ನಿಂತಿತು.

ಆಗ ನಾನು ಅತ್ತುಬಿಟ್ಟೆ. ನೆಲಕ್ಕೆ ಬಿದ್ದು, ಓಣಿಯ ಜನ ಬಾಗಿಲಿಗೆ ಬರುವ ಹಾಗೆ ಅತ್ತೆ.

ಗುಳಿಗೆ ಬಿಟ್ಟು ಹಿರಿಯರ ಹಾಗೆ ಬದುಕಿದರೆ ಮನಸ್ಸು ನೆಟ್ಟಗಾಗುತ್ತದೆಯೇ ಎಂದು ಈಗ ಕೆಲವರು ಕೇಳುತ್ತಾರೆ. ನಾನು ಹಾಗೆ ಹೇಳಲಾರೆ. ಆಮೇಲೂ ಬಹಳ ದಿನ ಗುಳಿಗೆ ನುಂಗಿದೆ, ಕೌದಿಯನ್ನೂ ಹೊಲಿದೆ. ಯಾವುದು ಎಷ್ಟು ಮಾಡಿತೋ ಗೊತ್ತಿಲ್ಲ. ನಮ್ಮಿಬ್ಬರಿಗೂ ಕೇಳಿಸಿದ್ದು ಏನೆಂದು ಬಿಡಿಸಿ ಹೇಳುವ ವಿಜ್ಞಾನವೂ ನನ್ನಲ್ಲಿಲ್ಲ.

ಆವತ್ತು ಜನ ಹೋದ ಮೇಲೆ ಅತ್ತೆ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಸುಮ್ಮನಾತಲ್ಲವ್ವಾ ಅದು, ಮತ್ಯಾಕ ಅಳ್ತೀ?" ಎಂದು ಕೇಳಿದ್ದರು.

"ಇನ್ನಾ ಸ್ವಲ್ಪ ಹೊತ್ತು ಅದನ್ನ ಅಳಾಕ ಬಿಡಬೇಕಿತ್ತ್ರೀ ಅತ್ತಿ," ಎಂದಿದ್ದೆ.